ಹಂಪಿಯ ಗುಲಾಬಿ, ಹೆರಾತಿನ ಚಳಿ

ಹೋದ ವರ್ಷ ಬಿ.ಎ. ತರಗತಿಯಲ್ಲಿ ವಿಜಯನಗರ ಕಾಲದ ಸಾಹಿತ್ಯಕ್ಕೆ ಪೀಠಿಕೆ ಹೇಳುತ್ತಿದ್ದೆ. ಹೊಸಪೇಟೆಯಲ್ಲಿ ಪಾಠ ಮಾಡುವವರಿಗೆ ಈ ಪೀಠಿಕೆ ಬಾಯಿಪಾಠವಾಗಿರುತ್ತದೆ. ಇಮ್ಮಡಿ ದೇವರಾಯನ ಹೆಸರು ಬಂದ ಕೂಡಲೇ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬರುತ್ತಾನೆ, ಅವನ ಹಿಂದೆಯೇ ಗುಲಾಬಿಯೂ ಬರುತ್ತದೆ. ಈ ಊರಿನವರಿಗೆ ಗುಲಾಬಿ ಊಟದಷ್ಟೇ ಅಗತ್ಯವಾಗಿತ್ತು, ಪೇಟೆಯ ತುಂಬ ಅದನ್ನೇ ಮಾರುತ್ತಿದ್ದರು ಎಂದು ಅವನು ಬರೆದಿದ್ದಾನೆ ಎಂದು ನಾನು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಸೇರಿಕೊಳ್ಳುತ್ತಿತ್ತು.

ಅವತ್ತು ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬಳು ಹುಡುಗಿ ಎದ್ದು ನಿಂತಳು. "ಸರ್, ಊಟದಷ್ಟು ಬೇಕಾಗಿದ್ದ ಹೂವನ್ನ ನಮ್ಮ ಕವಿಗಳು ಯಾಕೆ ಬರೀಲಿಲ್ಲ? ನೀವು ಮಾಡಿದ ಪಾಠದಾಗ ಮಲ್ಲಿಗೆ ಐತಿ, ಸಂಪಿಗೆ ಐತಿ, ತಾವರೆ ಐತಿ. ಗುಲಾಬಿ ಎಲ್ಲೂ ಬರ್ಲಿಲ್ಲ."

ಉತ್ತರ ನನ್ನ ಬಳಿ ಇರಲಿಲ್ಲ. "ನೋಡಿ ಹೇಳ್ತೀನಿ ಕೂತ್ಕೊಮ್ಮ" ಎಂದೆ. ನೋಡಲು ಹೊರಟಾಗ ತಿಳಿದದ್ದು, ನಾನು ಇಷ್ಟು ವರ್ಷ ಒಂದು ವಾಕ್ಯವನ್ನು ಸಾಕ್ಷಿಯಾಗಿ ಉಲ್ಲೇಖಿಸಿದ್ದೆನೇ ಹೊರತು ಒಂದು ಬರವಣಿಗೆಯಾಗಿ ಎಂದೂ ಓದಿರಲಿಲ್ಲ ಎಂಬುದು. ಈ ಲೇಖನ ಆ ಒಂದು ವಾಕ್ಯದ ಓದು.

ಮೊದಲು ಅದು ನಮ್ಮ ಕೈಗೆ ಬಂದ ದಾರಿಯನ್ನು ನೋಡೋಣ. ಅಬ್ದುರ್ ರಜಾಕ್ 1413ರಲ್ಲಿ ಹೆರಾತಿನಲ್ಲಿ ಹುಟ್ಟಿದವನು. ತೈಮೂರನ ಮಗ ಶಾರುಖನ ರಾಯಭಾರಿಯಾಗಿ 1442ರಲ್ಲಿ ಹೊರಟು, ಹೊರ್ಮುಜ್ ದಾಟಿ ಕಲ್ಲಿಕೋಟೆಗೆ ಬಂದು, ಅಲ್ಲಿಂದ ದೇವರಾಯನ ಕರೆಯ ಮೇರೆಗೆ 1443ರ ಏಪ್ರಿಲ್ ಕೊನೆಯ ಹೊತ್ತಿಗೆ ವಿಜಯನಗರ ತಲುಪಿದ. ತಾನು ನೋಡಿದ್ದನ್ನು ಮುಂದೆ 'ಮತ್ಲಾ-ಉಸ್-ಸಾದೈನ್' ಎಂಬ ಚರಿತ್ರೆಯಲ್ಲಿ ಸೇರಿಸಿದ. ಬರೆದದ್ದು ಪರ್ಷಿಯನ್ ಭಾಷೆಯಲ್ಲಿ. ಅದನ್ನು ಕಾತ್ರ್‌ಮೇರ್ ಎಂಬ ವಿದ್ವಾಂಸ ಫ್ರೆಂಚಿಗೆ ತಂದ. ಆ ಫ್ರೆಂಚಿನಿಂದ ಆರ್. ಎಚ್. ಮೇಜರ್ ಇಂಗ್ಲಿಷಿಗೆ ತಂದು 1857ರಲ್ಲಿ ಪ್ರಕಟಿಸಿದ. ಪೇಟೆಯ ತುಂಬ ಗುಲಾಬಿ ಎನ್ನುವ ಮಾತು ಈ ಅನುವಾದದ್ದು. ಎಲಿಯಟ್ ಮತ್ತು ಡೌಸನ್ ಅವರ ದೊಡ್ಡ ಸಂಪುಟಗಳಲ್ಲೂ ಇದೇ ಬರವಣಿಗೆ ಪರ್ಷಿಯನ್ನಿನಿಂದ ಇಂಗ್ಲಿಷಿಗೆ ಬಂದಿದೆ. ಅಲ್ಲಿ ಅದೇ ಜಾಗದಲ್ಲಿ ಸಿಗುವುದು ಪರಿಮಳದ ಹೂವು. ಯಾವ ಹೂವು ಎಂದು ಆ ಅನುವಾದ ಹೇಳುವುದಿಲ್ಲ.

ಒಂದೇ ಮೂಲ, ಎರಡು ಅನುವಾದ. ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಬರೀ ಹೂವು. ಇದು ಅನುವಾದಕರ ಬೇಜವಾಬ್ದಾರಿ ಅಲ್ಲ. ಪರ್ಷಿಯನ್ನಿನಲ್ಲಿ 'ಗುಲ್' ಎಂದರೆ ಗುಲಾಬಿ. 'ಗುಲ್' ಎಂದರೆ ಹೂವು ಕೂಡ. ಹೂವುಗಳಲ್ಲಿ ಹೂವು ಗುಲಾಬಿಯೇ ಎಂದು ನಂಬಿದ ಭಾಷೆ ಅದು. ನಮ್ಮ ಹಳ್ಳಿಗಳಲ್ಲಿ 'ಕಾಳು' ಎಂದರೆ ಆ ಸೀಮೆಯಲ್ಲಿ ಬೆಳೆಯುವ ಕಾಳು ಎಂದೇ ಅರ್ಥವಾಗುವ ಹಾಗೆ. ನಾವು ಕನ್ನಡದಲ್ಲಿ ಬಳಸುವ 'ಗುಲಾಬಿ'ಯೂ ಅಲ್ಲಿಂದಲೇ ಬಂದದ್ದು. 'ಗುಲ್' ಹೂವು, 'ಆಬ್' ನೀರು. ಅಂದರೆ ಹೂವಿನ ಹೆಸರಾಗಿ ನಾವು ತೆಗೆದುಕೊಂಡದ್ದು ಮೂಲದಲ್ಲಿ ಅದರಿಂದ ಇಳಿಸಿದ ನೀರಿನ ಹೆಸರು. ಆ ನೀರಿಗೆ ನಮ್ಮಲ್ಲಿ ಮೊದಲೇ ಒಂದು ಚಂದದ ಹೆಸರಿತ್ತು: ಪನ್ನೀರು.

ಹಾಗಾದರೆ ನಾನು ಇಪ್ಪತ್ತು ವರ್ಷ ಪಾಠ ಮಾಡಿದ ಗುಲಾಬಿ ಒಬ್ಬ ಅನುವಾದಕನ ಆಯ್ಕೆ ಇರಬಹುದು. ಅದರ ಜಾಗದಲ್ಲಿ ಮಲ್ಲಿಗೆಯೇ ಇದ್ದಿರಬಹುದು. ಹಂಪಿಗೆ ಬರುವ ಪ್ರವಾಸಿಗರಿಗೆ ಈ ಮಾತನ್ನು ಹೇಳಿ, ಇವತ್ತಿನ ಪೇಟೆಯ ಪನ್ನೀರು ಗುಲಾಬಿಯನ್ನೇ ತೋರಿಸುವುದನ್ನು ನಾನು ಕಂಡಿದ್ದೇನೆ. ಅದಂತೂ ಸಾಧ್ಯವೇ ಇಲ್ಲ. ಹಾರಕ್ಕೆ ಬಿಡಿಹೂವಾಗಿ ಬರುವ ಈ ಎಡ್ವರ್ಡ್ ಗುಲಾಬಿ ಬೂರ್ಬನ್ ಎಂಬ ಗುಂಪಿಗೆ ಸೇರಿದ್ದು. ಆ ಗುಂಪು ಹುಟ್ಟಿದ್ದೇ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, 19ನೇ ಶತಮಾನದ ಆರಂಭದಲ್ಲಿ. ದೇವರಾಯ ಅದನ್ನು ನೋಡಿರಲಾರ.

ಇಲ್ಲಿಗೆ ನಿಲ್ಲಿಸಿ, ಗುಲಾಬಿ ಇರಲಿಲ್ಲ, ಅದು ಅನುವಾದದ ತಪ್ಪು ಎಂದು ತೀರ್ಪು ಕೊಡಬಹುದಿತ್ತು. ಆದರೆ ಅದೂ ಅವಸರದ ಓದೇ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ಇಲ್ಲಿಗೆ ಬಂದ ಪೋರ್ಚುಗೀಸ್ ದೊಮಿಂಗೊ ಪಾಯೆಸ್ ಅರಮನೆಯ ದಂತದ ಕೋಣೆಯಲ್ಲಿ ಗುಲಾಬಿಯನ್ನೂ ಕಮಲವನ್ನೂ ಕೆತ್ತಿದ್ದನ್ನು ಹೇಳುತ್ತಾನೆ. ಮಹಾನವಮಿಯ ವಿಧಿಯಲ್ಲಿ ರಾಜ ಬಿಳಿ ಗುಲಾಬಿಯನ್ನು ಹಿಡಿಹಿಡಿಯಾಗಿ ಕುದುರೆಗಳತ್ತ ಎರಚಿದ್ದನ್ನೂ ಹೇಳುತ್ತಾನೆ. ಬಿಳಿ ಎಂದು ಬಣ್ಣ ಹೇಳಿರುವುದು ಮುಖ್ಯ. ನೀಲಗಿರಿ, ಪಳನಿ ಬೆಟ್ಟಗಳ ಎತ್ತರದಲ್ಲಿ ಮರಕ್ಕೆ ಹಬ್ಬುವ ಕಾಡು ಗುಲಾಬಿಬಳ್ಳಿ ಇದೆ, ಅದರ ಹೂವು ಬಿಳಿ. ಹಿಂದಿಯಲ್ಲಿ 'ಸೇವತಿ' ಎಂದರೆ ಬಿಳಿ ಗುಲಾಬಿ, ನಮ್ಮಲ್ಲಿ ಅದರ ಅಕ್ಕತಂಗಿಯಂತಿರುವ 'ಸೇವಂತಿಗೆ' ಎಂದರೆ ಬೇರೆಯೇ ಹೂವು. ಹೂವಿನ ಹೆಸರುಗಳು ಊರಿಂದೂರಿಗೆ ಹೋಗುವಾಗ ಹೀಗೆ ಮೈ ಬದಲಿಸುತ್ತವೆ. ಗುಲಾಬಿ ಇತ್ತೋ ಇಲ್ಲವೋ ಎಂಬ ಪ್ರಶ್ನೆಯನ್ನು ಸಸ್ಯಶಾಸ್ತ್ರದವರು ಬಿಡಿಸಲಿ. ಸಾಹಿತ್ಯದ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಯಾವ ಹೂವಾದರೂ ಇರಲಿ, ಅಬ್ದುರ್ ರಜಾಕ್ ಅಷ್ಟು ಬೆರಗಾದದ್ದು ಯಾಕೆ?

ಇದಕ್ಕೆ ಉತ್ತರ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಮುಂದಿನ ಒಂದು ಬಳ್ಳಿಯಿಂದ.

ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ನರ್ಸರಿಯಿಂದ ಬಳ್ಳಿಗುಲಾಬಿಯ ಸಸಿ ತಂದಿದ್ದೆ. ಕೆನಡಾದ ಎಡ್ಮಂಟನ್‌ನಲ್ಲಿರುವ ನಮ್ಮಕ್ಕ ಪ್ರತಿ ಜೂನ್‌ನಲ್ಲೂ ವಾಟ್ಸಾಪಿನಲ್ಲಿ ಕಳಿಸುತ್ತಿದ್ದ ಫೋಟೋ ನೋಡಿ ಹುಟ್ಟಿದ ಆಸೆ. ಅವಳ ಮನೆಯ ಗೋಡೆ ಕಾಣದಷ್ಟು ಹೂವು. ನನ್ನದೂ ಚೆನ್ನಾಗಿಯೇ ಬೆಳೆಯಿತು. ಎರಡನೇ ವರ್ಷಕ್ಕೆ ಮಾಳಿಗೆ ಮುಟ್ಟಿತು. ಎಲೆಯೋ ಎಲೆ. ಒಂದು ಮೊಗ್ಗಿಲ್ಲ. ಬೇರೆ ಗುಲಾಬಿ ಗಿಡಗಳಿಗೆ ಮಾಡುವ ಹಾಗೆ ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಸವರಿದೆ, ಗೊಬ್ಬರ ಹಾಕಿದೆ. ಮತ್ತೆ ಎಲೆ.

ಅಕ್ಕನಿಗೆ ಫೋನ್ ಮಾಡಿದರೆ ನಕ್ಕಳು. "ಅದು ವರ್ಷಕ್ಕೆ ಒಂದೇ ಸಲ ಬಿಡೋ ಜಾತಿ ಇರಬೇಕು ಕಣೋ. ಹೋದ ವರ್ಷದ ಕೊಂಬೆ ಮೇಲೆ ಹೂವು ಬರೋದು. ನೀನು ಅದನ್ನೇ ಕತ್ತರಿಸಿ ಎಸೆದಿದ್ದೀಯ. ಅದೂ ಅಲ್ದೆ ಅದಕ್ಕೆ ಚಳಿ ಬೇಕು. ಚಳಿಯಲ್ಲಿ ಮಲಗಿ ಎದ್ದರೇನೇ ಮೊಗ್ಗು. ನಿಮ್ಮ ಹೊಸಪೇಟೇಲಿ ಅದಕ್ಕೆ ನಿದ್ದೆ ಎಲ್ಲಿಂದ ಬರಬೇಕು?"

ಅವಳ ತೋಟದಲ್ಲಿ ಎರಡು ಬಳ್ಳಿಗಳಿವೆ. ಒಂದು 'ವಿಲಿಯಂ ಬ್ಯಾಫಿನ್'. ಕೆನಡಾ ಸರ್ಕಾರದ ಕೃಷಿ ಸಂಶೋಧನಾ ವಿಭಾಗದಲ್ಲಿ ಫೆಲಿಸಿಟಾಸ್ ಸ್ವೆಯ್ದಾ ಎಂಬ ವಿಜ್ಞಾನಿ ಅಲ್ಲಿನ ಚಳಿಯನ್ನು ತಡೆಯಲೆಂದೇ ಬೆಳೆಸಿದ ತಳಿಗಳಲ್ಲೊಂದು, 1983ರಲ್ಲಿ ಹೊರಬಂದದ್ದು. ಅದು ಮೈನಸ್ ಮೂವತ್ತರಲ್ಲೂ ನಿಂತಲ್ಲೇ ನಿಲ್ಲುತ್ತದೆ. ಇನ್ನೊಂದು ಹಾಗಲ್ಲ. ಚಳಿ ಬಲಿಯುವ ಮೊದಲು ಅದನ್ನು ಹಂದರದಿಂದ ಬಿಚ್ಚಿ, ಮುರಿಯದ ಹಾಗೆ ನಿಧಾನವಾಗಿ ನೆಲಕ್ಕೆ ಬಗ್ಗಿಸಿ ಮಲಗಿಸಬೇಕು. ಬುಡಕ್ಕೆ ಮಣ್ಣು ಏರಿಸಿ, ಮೇಲೆ ಒಣ ಎಲೆ, ಹುಲ್ಲು ಹೊದಿಸಬೇಕು. ಅದರ ಮೇಲೆ ಬೀಳುವ ಹಿಮವೇ ಕಂಬಳಿ. ಗಿಡವನ್ನು ಕೊಲ್ಲುವುದು ಬರೀ ಚಳಿಯಲ್ಲ, ಒಣ ಗಾಳಿ, ಮತ್ತು ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟುವ ನೆಲ ಎನ್ನುತ್ತಾಳೆ. ಮೇ ತಿಂಗಳಲ್ಲಿ ಹೊದಿಕೆ ತೆಗೆದು, ಬಳ್ಳಿಯನ್ನು ನೆಟ್ಟಗೆ ಹಬ್ಬಿಸದೆ ಅಡ್ಡಡ್ಡಕ್ಕೆ ಕಟ್ಟಬೇಕು. ನೆಟ್ಟಗೆ ಕಟ್ಟಿದರೆ ತುದಿಯಲ್ಲಿ ಮಾತ್ರ ಹೂವು. ಅಡ್ಡ ಕಟ್ಟಿದರೆ ಗೆಣ್ಣುಗೆಣ್ಣಿಗೂ ಚಿಗುರೊಡೆದು ಉದ್ದಕ್ಕೂ ಹೂವು. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಮೂರು ವಾರ. "ಆ ಮೂರು ವಾರ ಇಲ್ಲಿ ಯಾರೂ ಊರು ಬಿಡಲ್ಲ" ಎಂದಳು.

ಫೋನಿಟ್ಟ ಮೇಲೆ ಅಬ್ದುರ್ ರಜಾಕನ ವಾಕ್ಯ ನನಗೆ ಬೇರೆ ರೀತಿ ಕೇಳಿಸಿತು. ಹೆರಾತು ಹಿಮ ಬೀಳುವ ಊರು. ಅಲ್ಲಿ ಗುಲಾಬಿ ಚಳಿಗಾಲದ ಆಚೆ ದಡದಲ್ಲಿರುವ ಹೂವು. ಪರ್ಷಿಯನ್ ಕಾವ್ಯದಲ್ಲಿ ಗುಲಾಬಿಗೂ ಬುಲ್‌ಬುಲ್ ಹಕ್ಕಿಗೂ ಇರುವ ಪ್ರೇಮದ ತೀವ್ರತೆಯೆಲ್ಲ ಹುಟ್ಟುವುದು ಇದರಿಂದ. ತಿಂಗಳುಗಟ್ಟಲೆ ಬರೀ ಮುಳ್ಳು, ಆಮೇಲೆ ಕೆಲವೇ ದಿನ ಹೂವು, ಮತ್ತೆ ಮುಳ್ಳು. ಹೂವಿನ ಅರ್ಥವೇ ಅದು ಉಳಿಯುವುದಿಲ್ಲ ಎಂಬುದು. ಅಂಥ ಊರಿನವನು ಕತ್ತಿರಿ ಬಿಸಿಲಿನ ಏಪ್ರಿಲ್ ಕೊನೆಗೆ ಇಲ್ಲಿಗೆ ಬರುತ್ತಾನೆ. ಮಳೆಗಾಲ ಇಲ್ಲೇ ಕಳೆಯುತ್ತಾನೆ, ಮಹಾನವಮಿ ನೋಡುತ್ತಾನೆ, ವರ್ಷ ಮುಗಿಯುತ್ತ ಬಂದಾಗ ಹೊರಡುತ್ತಾನೆ. ಅಷ್ಟೂ ದಿನ ಪೇಟೆಯಲ್ಲಿ ಹೂವು ಖಾಲಿಯಾಗುವುದೇ ಇಲ್ಲ. ಅವನು ಹೂವನ್ನು ವಜ್ರಕ್ಕೋ ಮುತ್ತಿಗೋ ಹೋಲಿಸಿಲ್ಲ. ಆ ಪೇಟೆಯಲ್ಲಿ ಅವೂ ಇದ್ದವು, ಅವನೇ ಹೇಳುತ್ತಾನೆ. ಹೂವನ್ನು ಅವನು ಇಟ್ಟದ್ದು ಊಟದ ಪಕ್ಕ. ಅವನ ಬೆರಗು ಹೂವಿನ ಚಂದದ ಬಗ್ಗೆ ಅಲ್ಲ, ಅದು ದಿನಬಳಕೆಯದಾಗಿರುವುದರ ಬಗ್ಗೆ. ವರ್ಷಕ್ಕೊಮ್ಮೆ ಬರುವ ಅತಿಥಿ ಇಲ್ಲಿ ಮನೆಯವಳಾಗಿದ್ದಾಳೆ.

ಹೀಗೆ ಓದಿದರೆ ಮೂಲದಲ್ಲಿದ್ದದ್ದು ಗುಲಾಬಿಯೋ ಹೂವೋ ಎಂಬುದು ಎರಡನೆಯ ಮಾತಾಗುತ್ತದೆ. ನಾವು ಆ ವಾಕ್ಯವನ್ನು ವೈಭವದ ಪಟ್ಟಿಗೆ ಸೇರಿಸಿಕೊಂಡೆವು: ರಸ್ತೆಯಲ್ಲಿ ಮುತ್ತುರತ್ನ ಅಳೆದರು, ಗುಲಾಬಿ ಮಾರಿದರು ಎಂದು. ಬರೆದವನು ಮಾತ್ರ ಅದನ್ನು ಅಗತ್ಯದ ಪಟ್ಟಿಯಲ್ಲಿ ಬರೆದಿದ್ದ. ನಮ್ಮದು ಅವನ ವಾಕ್ಯದ ನಾಮಪದವನ್ನು ಹಿಡಿದ ಓದು. ಕ್ರಿಯಾಪದವನ್ನು ಬಿಟ್ಟುಬಿಟ್ಟೆವು.

ಅನುವಾದದಲ್ಲಿ ಹೂವು ಹೀಗೆ ಮುಂದೆ ಬಂದು ನಿಲ್ಲುವುದಕ್ಕೆ ಕನ್ನಡದಲ್ಲೇ ಇನ್ನೊಂದು ಉದಾಹರಣೆಯಿದೆ. ಎ. ಕೆ. ರಾಮಾನುಜನ್ 1973ರ 'ಸ್ಪೀಕಿಂಗ್ ಆಫ್ ಶಿವ'ದಲ್ಲಿ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನನ್ನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯನನ್ನಾಗಿ ಮಾಡಿದರು. ಹೆಸರನ್ನು ಬಿಡಿಸಿದರೆ ಆ ಅರ್ಥ ಬರುತ್ತದೆ. ಆದರೆ ಶ್ರೀಶೈಲದ ದೇವರ ಹೆಸರು ಹಿಡಿದು ಕರೆಯುವ ಭಕ್ತೆಯ ಕಿವಿಗೆ ಅದು ಹೆಸರೇ ಹೊರತು ಉಪಮೆಯಲ್ಲ. ಇಂಗ್ಲಿಷ್ ಓದುಗರಿಗೆ ಅಲ್ಲಿ ಮಲ್ಲಿಗೆ ಕಾಣಿಸಿತು, ಸ್ಥಳ ಮರೆಯಾಯಿತು. ಇದನ್ನು ನಾನು ಆಕ್ಷೇಪವಾಗಿ ಹೇಳುತ್ತಿಲ್ಲ. ಇನ್ನೊಂದು ನೆಲಕ್ಕೆ ಹೋದ ಗಿಡ ಎಲ್ಲವನ್ನೂ ಒಯ್ಯಲಾರದು.

ಒಯ್ದು ಬದುಕಿದ ಗಿಡದ ಕತೆಯೂ ಇದೆ. ಉಮರ್ ಖಯ್ಯಾಮನನ್ನು ಇಂಗ್ಲಿಷಿಗೆ ತಂದ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ 1883ರಲ್ಲಿ ತೀರಿಕೊಂಡ. ವಿಲಿಯಂ ಸಿಂಪ್ಸನ್ ಎಂಬ ಚಿತ್ರಕಾರ ನಿಶಾಪುರದಲ್ಲಿ ಖಯ್ಯಾಮನ ಸಮಾಧಿಯ ಬಳಿಯ ಗುಲಾಬಿಯಿಂದ ಬೀಜ ಆರಿಸಿ ತಂದ. ಅದನ್ನು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಸಸಿ ಮಾಡಿ, 1893ರಲ್ಲಿ ಸಫೋಕ್ ಪ್ರಾಂತದ ಬೌಲ್ಜ್ ಎಂಬ ಹಳ್ಳಿಯಲ್ಲಿ ಫಿಟ್ಜ್‌ಜೆರಾಲ್ಡನ ಸಮಾಧಿಯ ಮೇಲೆ ನೆಟ್ಟರು. ನಿಶಾಪುರ ಖುರಾಸಾನದ್ದು, ಹೆರಾತಿನ ಸೀಮೆಯದೇ. ಆ ಗುಲಾಬಿ ಇಂಗ್ಲೆಂಡಿನಲ್ಲಿ ಹೂ ಬಿಟ್ಟದ್ದು ಅಲ್ಲೂ ಚಳಿ ಇದ್ದುದರಿಂದ. ಖಯ್ಯಾಮನನ್ನು ಡಿ.ವಿ.ಜಿ. 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ತಂದರು. ಕನ್ನಡದ ಕಿವಿಗೆ ಅದು ಹಿತವಾಗಿ ಕೂತಿದೆ. ಆದರೆ ನಮ್ಮ ಓದುಗ ಅದರಲ್ಲಿ ಹೂವಿನ ಅಲ್ಪಾಯುಷ್ಯವನ್ನು ತತ್ವವಾಗಿ ತಿಳಿಯುತ್ತಾನೆ, ಮೈಯಲ್ಲಿ ಅನುಭವಿಸಿರುವುದಿಲ್ಲ. ಹಿಮದ ಕೆಳಗೆ ಐದು ತಿಂಗಳು ಕಾದವನಿಗೆ ಆ ಪದ್ಯ ಹೇಗೆ ಕೇಳಿಸೀತು ಎಂಬುದನ್ನು ನಾವು ಕಲ್ಪಿಸಿಕೊಳ್ಳಬೇಕು.

ಸಂಡೂರಿನ ರಾಮಗಡಕ್ಕೆ ಹೋದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಸುಮಾರು 3,000 ಅಡಿ ಎತ್ತರದ ಆ ಬೆಟ್ಟದ ಮೇಲೆ 19ನೇ ಶತಮಾನದಲ್ಲಿ ಬ್ರಿಟಿಷರು ಬಳ್ಳಾರಿ ದಂಡಿನ ಸೈನಿಕರಿಗೆ ಆರೋಗ್ಯಧಾಮ ಕಟ್ಟಿಕೊಂಡಿದ್ದರು. ಬಯಲಿನ ಬಿಸಿಲಿಗೆ ಬಳಲಿದವರು ತಮ್ಮ ಊರಿನ ಹವೆಯ ಒಂದು ತುಂಡನ್ನಾದರೂ ಹುಡುಕಿಕೊಂಡು ಬೆಟ್ಟ ಹತ್ತಿದ್ದರು. ನನ್ನ ಬಳ್ಳಿಯನ್ನು ಅಲ್ಲಿಗೆ ಒಯ್ದು ನೆಟ್ಟರೂ ಅದಕ್ಕೆ ಬೇಕಾದ ಚಳಿ ಸಿಗುವುದಿಲ್ಲ. ತಂಪು ಬೇರೆ, ಚಳಿಗಾಲ ಬೇರೆ.

ಈಗ ಕಂಪ್ಲಿಯ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಕವಿಗಳು ಯಾಕೆ ಬರೆಯಲಿಲ್ಲ? ಬರೆದಿದ್ದಾರೆ. ನಾವು ಬೇರೆ ಹೆಸರನ್ನು ಹುಡುಕುತ್ತಿದ್ದೆವು.

ಅಬ್ದುರ್ ರಜಾಕ್ ಬರುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲು ಇದೇ ಹಂಪಿಯಲ್ಲಿ ಹರಿಹರ ಇದ್ದ. ದೋರಸಮುದ್ರದ ಕೆಲಸ ಬಿಟ್ಟು ವಿರೂಪಾಕ್ಷನ ಬಳಿಗೆ ಬಂದ ಕವಿ. ಅವನ 'ಪುಷ್ಪರಗಳೆ' ಒಂದಿಡೀ ಕೃತಿಯಾಗಿ ಹೂವಿನ ಕೆಲಸದ್ದು. ಬೆಳಗಿನ ಜಾವ ಎದ್ದು ತೋಟಕ್ಕೆ ಹೋಗುವುದು, ಗಿಡವನ್ನು ನೋಯಿಸದೆ ಬಿಡಿಸುವುದು, ಹೂವಿನೊಂದಿಗೆ ಮಾತಾಡುವುದು, ಕಟ್ಟುವುದು, ಏರಿಸುವುದು. ನಾವು ಅದನ್ನು ಭಕ್ತಿಯ ಕೃತಿ ಎಂದು ಪಾಠ ಮಾಡಿ ಮುಗಿಸುತ್ತೇವೆ. ಅಬ್ದುರ್ ರಜಾಕನ ಪಕ್ಕದಲ್ಲಿಟ್ಟು ಓದಿದರೆ ಅದು ಇನ್ನೊಂದನ್ನೂ ಹೇಳುತ್ತದೆ. ಹೂವು ಅಲ್ಲಿ ಅಪರೂಪದ್ದಲ್ಲ, ದಿನಚರಿ. ನಾಳೆ ಬೆಳಿಗ್ಗೆ ಮತ್ತೆ ಅರಳುತ್ತದೆ, ಮತ್ತೆ ಹೋಗಬೇಕು. ಹೆರಾತಿನವನು ಹೊರಗೆ ನಿಂತು ಬೆರಗಿನಿಂದ ಕಂಡದ್ದನ್ನು ಹರಿಹರ ಒಳಗಿನಿಂದ, ಕೈಯಲ್ಲಿ ಬುಟ್ಟಿ ಹಿಡಿದು ಬರೆದಿದ್ದಾನೆ. ಊರಿನ ಜನರ ಬಾಯಲ್ಲೂ ಇದು ಉಳಿದಿದೆ. ಹೂವಿನಹಡಗಲಿಯ ಹೆಸರಿಗೆ, ಅಲ್ಲಿಂದ ತುಂಗಭದ್ರೆಯಲ್ಲಿ ಹಂಪಿಗೆ ಹೂವು ತೇಲಿ ಬರುತ್ತಿತ್ತು ಎಂಬ ಕತೆ ಹೇಳುತ್ತಾರೆ. ಅಲ್ಲಿನ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆ ಕತೆ ಚರಿತ್ರೆಯೋ ಅಲ್ಲವೋ, ಅದರಲ್ಲಿ ಹೂವನ್ನು ದೋಣಿ ತುಂಬ ತರಿಸುವ ಊರಿನ ಚಿತ್ರವಿದೆ. ಅಬ್ದುರ್ ರಜಾಕ್ ಬರೆದದ್ದೂ ಅದೇ ಊರು.

ಹಾಗಿದ್ದೂ ನಮ್ಮ ಊರಿನ ಬಗ್ಗೆ ಹೇಳಬೇಕಾದಾಗ ಹರಿಹರನನ್ನು ಬಿಟ್ಟು ನಾವು ರಾಯಭಾರಿಯನ್ನೇ ಯಾಕೆ ಉದ್ಧರಿಸುತ್ತೇವೆ? ಹೊರಗಿನವನು ಹೊಗಳಿದರೆ ಅದು ಸಾಕ್ಷಿ, ನಮ್ಮವನು ಬರೆದರೆ ಅದು ಕಾವ್ಯ ಎಂಬ ಅಭ್ಯಾಸ ನಮಗೆ ಬಿದ್ದಿದೆ. ಇದನ್ನು ನಾನು ಬೇರೆಯವರಿಗೆ ಹೇಳುತ್ತಿಲ್ಲ. ಇಪ್ಪತ್ತು ವರ್ಷ ಹಾಗೆ ಪಾಠ ಮಾಡಿದವನು ನಾನೇ. ಅಬ್ದುರ್ ರಜಾಕನನ್ನು ಕೈಬಿಡಬೇಕೆಂದೂ ಅಲ್ಲ. ಅವನಿಲ್ಲದಿದ್ದರೆ ಹರಿಹರನ ದಿನಚರಿ ಬೆರಗು ಹುಟ್ಟಿಸುವಂಥದ್ದು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಯ ಊಟ ಎಂಥದ್ದೆಂದು ಹಸಿದು ಬಂದ ನೆಂಟ ಹೇಳಬೇಕಾಗುತ್ತದೆ. ಆದರೆ ನೆಂಟನ ಮಾತನ್ನು ಗೋಡೆಗೆ ತೂಗುಹಾಕಿಕೊಂಡು ಅಡುಗೆ ಮಾಡುವವರನ್ನು ಮರೆತರೆ ಅದು ಓದಲ್ಲ.

ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಅವಳು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಊರಿಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬಂದಳು. ಕಾಲುವೆ ನೀರಿನ ಬದುವಿನಲ್ಲಿ ಕಬ್ಬಿನ ಪಕ್ಕ ಎರಡು ಸಾಲು ಮಲ್ಲಿಗೆ, ಕನಕಾಂಬರ ಇಟ್ಟುಕೊಂಡು ಮಾರಿ ಬಾಳಿದ ಅಜ್ಜಿಯಂತೆ. "ಗುಲಾಬಿ ನೋಡಾಕ ಚಂದ, ಮುಳ್ಳು ಅದಾವ, ಕಟ್ಟಾಕ ಬರಂಗಿಲ್ಲ" ಎಂದಳಂತೆ ಅಜ್ಜಿ. ಕಟ್ಟಲು ಬರುವ ಹೂವು, ಕಟ್ಟಲು ಬಾರದ ಹೂವು. ನಮ್ಮ ಕಾವ್ಯದ ಹೂವುಗಳ ಬಗ್ಗೆ ಇಂಥದೊಂದು ವಿಂಗಡಣೆಯನ್ನು ಯಾವ ವಿಮರ್ಶಕರೂ ಮಾಡಿದ್ದು ನನಗೆ ನೆನಪಿಲ್ಲ. ಅದರ ಮೇಲೆಯೇ ಸೆಮಿನಾರ್ ಪ್ರಬಂಧ ಬರೆ ಎಂದಿದ್ದೇನೆ.

ಈ ವರ್ಷವೂ ಪೀಠಿಕೆಯಲ್ಲಿ ಅಬ್ದುರ್ ರಜಾಕ್ ಬಂದ. 'ಗುಲಾಬಿ' ಎನ್ನುವ ಮುಂಚೆ ಬೋರ್ಡಿನ ಮೇಲೆ 'ಗುಲ್' ಎಂದು ಬರೆದು ಎರಡೂ ಅರ್ಥ ಹೇಳಿದೆ. ಹೆರಾತಿನ ಚಳಿಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಆಮೇಲೆ 'ಪುಷ್ಪರಗಳೆ' ತೆಗೆದೆವು. ಮನೆಯ ಮುಂದಿನ ಬಳ್ಳಿಯನ್ನು ಈ ಸಲ ಸವರಲಿಲ್ಲ, ಕೊಂಬೆಗಳನ್ನು ಅಡ್ಡಕ್ಕೆ ಕಟ್ಟಿದ್ದೇನೆ. ಹೂವು ಬರುವ ಭರವಸೆ ನನಗಿಲ್ಲ, ಅಕ್ಕನಿಗೂ ಇಲ್ಲ. ದಿನಾ ಬೆಳಿಗ್ಗೆ ಹೂಗಾರರ ಹುಡುಗ ಅದರ ಕೆಳಗೇ ಸೈಕಲ್ ನಿಲ್ಲಿಸಿ, ಬಾಳೆ ಎಲೆಯಲ್ಲಿ ಸುತ್ತಿದ ಹೂವನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾನೆ.